ಫೌಂಡ್ರಿ ಕ್ಯಾಂಟೀನಿನಲ್ಲಿ ಮತದಾನ

ನಾನು ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಮೌಲ್ಡಿಂಗ್ (ಅಚ್ಚು ಕಟ್ಟುವ) ಕೆಲಸದವನು. 2016ರಲ್ಲಿ ನಮ್ಮ ಯೂನಿಯನ್ ನೋಂದಣಿ ಆಯಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಅದಕ್ಕೆ ಬೇಕಿದ್ದದ್ದು ಕಾರ್ಮಿಕರಲ್ಲಿ ನೂರಕ್ಕೆ ಹತ್ತು ಜನ ಅಥವಾ ಒಟ್ಟು ನೂರು ಜನ, ಯಾವುದು ಕಡಿಮೆಯೋ ಅಷ್ಟು. ಏಳಕ್ಕಿಂತ ಕಡಿಮೆ ಇರಬಾರದು ಅಷ್ಟೇ. ಸರ್ಟಿಫಿಕೇಟ್ ಬಂದ ದಿನ ಗೇಟ್ ಹತ್ತಿರ ಪೇಡಾ ಹಂಚಿದೆವು. ಆಮೇಲೆ ಬೇಡಿಕೆ ಪಟ್ಟಿ ಹಿಡಿದು ಆಫೀಸಿಗೆ ಹೋದರೆ ಅದನ್ನು ಯಾರೂ ಕೈಯಿಂದ ಮುಟ್ಟಲಿಲ್ಲ. "ನೋಂದಣಿ ಆಗಿರಬಹುದು. ನಾವು ಮಾನ್ಯತೆ ಕೊಟ್ಟಿಲ್ವಲ್ಲ" ಅಂದರು. ಮಾನ್ಯತೆ ಅಂದರೆ, ಕಾರ್ಮಿಕರ ಪರವಾಗಿ ಮಾತುಕತೆಗೆ ಈ ಯೂನಿಯನ್ ಅಂತ ಆಡಳಿತ ಒಪ್ಪಿಕೊಳ್ಳುವುದು.

ನಮ್ಮಲ್ಲಿ ಆಗಲೇ ಇನ್ನೊಂದು ಯೂನಿಯನ್ ಇತ್ತು. ವೇತನ ಒಪ್ಪಂದಗಳೆಲ್ಲ ಅವರ ಜೊತೆಗೇ ಆಗುತ್ತಿದ್ದವು. ಸಹಿ ಬಿದ್ದ ಮೇಲೆ ನಮಗೆ ನೋಟಿಸ್ ಬೋರ್ಡಿನಲ್ಲಿ ಗೊತ್ತಾಗುತ್ತಿತ್ತು.

ಮಾಲೀಕರು ಮಾನ್ಯತೆ ಕೊಡಲೇಬೇಕು ಅಂತ 1926ರ ಆ ಕಾಯ್ದೆ ಹೇಳುತ್ತಿರಲಿಲ್ಲ. 1947ರಲ್ಲಿ ಅಂಥ ತಿದ್ದುಪಡಿ ಪಾಸಾಗಿತ್ತು, ಆದರೆ ಜಾರಿಗೆ ಬರಲೇ ಇಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪಕ್ಕದ ಮಹಾರಾಷ್ಟ್ರ 1971ರಲ್ಲೇ ಮಾನ್ಯತೆಗೆ ತನ್ನದೇ ಕಾಯ್ದೆ ಮಾಡಿಕೊಂಡಿತು. ನಮ್ಮ ಕೈಯಲ್ಲಿದ್ದದ್ದು 1958ರ ಶಿಸ್ತು ಸಂಹಿತೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದಲ್ಲಿ, ನೋಂದಣಿಯಾಗಿ ಒಂದು ವರ್ಷ ನಡೆದಿರಬೇಕು, ಶೇ. 15ರಷ್ಟಾದರೂ ಕಾರ್ಮಿಕರು ಸದಸ್ಯರಿರಬೇಕು, ಎಲ್ಲಕ್ಕಿಂತ ದೊಡ್ಡ ಯೂನಿಯನ್‌ಗೆ ಮಾನ್ಯತೆ ಅನ್ನುತ್ತದೆ ಅದು. ಒಳ್ಳೆಯ ಮಾತೇ. ಆದರೆ ಅದು ಎಲ್ಲರೂ ಒಪ್ಪಿ ನಡೆಯಬೇಕಾದ ನೀತಿ, ಕಾನೂನಲ್ಲ.

ವರ್ಷ ತುಂಬಿದ ಮೇಲೆ ಹುಬ್ಬಳ್ಳಿಯ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದೆವು. ತಾರೀಖಿನ ಮೇಲೆ ತಾರೀಖು. ಸದಸ್ಯರ ಪುಸ್ತಕ ಮತ್ತು ಚಂದಾ ರಸೀದಿ ಕೊಡಿ, ನಾವೇ ಎಣಿಸುತ್ತೇವೆ ಅಂತ ಆಡಳಿತದವರು ಪಟ್ಟು ಹಿಡಿದರು. ಪುಸ್ತಕ ಕೊಟ್ಟರೆ ಯಾರು ಯಾರು ನಮ್ಮ ಜೊತೆ ಇದ್ದಾರೆ ಅಂತ ಹೆಸರು ಸಮೇತ ಗೊತ್ತಾಗುತ್ತದೆ, ಅಲ್ವಾ? ಎಷ್ಟೋ ಜನ ಚಂದಾ ಕೊಟ್ಟು "ರಸೀದಿ ನಿಮ್ಮ ಹತ್ರಾನ ಇರ್ಲಿ, ಮನ್ಯಾಗ ಗೊತ್ತಾದ್ರ ಅಂಜ್ತಾರ" ಅಂದಿದ್ದರು. ಗುಪ್ತ ಮತದಾನವೇ ಆಗಲಿ ಅಂತ ನಾವು ಗಟ್ಟಿಯಾಗಿ ನಿಂತೆವು. 1995ರಲ್ಲಿ ಭಾರತ ಆಹಾರ ನಿಗಮದ ಪ್ರಕರಣದಲ್ಲಿ ಗುಪ್ತ ಮತದಾನ ಹೇಗೆ ನಡೆಸಬೇಕು ಅಂತ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಆ ತೀರ್ಪಿನ ಝೆರಾಕ್ಸ್ ನಮ್ಮ ಫೈಲಿನಲ್ಲಿ ಸದಾ ಇರುತ್ತಿತ್ತು. ಕೊನೆಗೆ ಮುಷ್ಕರದ ನೋಟಿಸ್ ಕೊಟ್ಟ ಮೇಲೆ ಮೂರೂ ಕಡೆಯವರು ಗುಪ್ತ ಮತದಾನಕ್ಕೆ ಒಪ್ಪಿ ಸಹಿ ಹಾಕಿದರು.

ಮತದಾನ ನಡೆದದ್ದು ಕ್ಯಾಂಟೀನಿನಲ್ಲಿ. ಒಂದು ಮೂಲೆಗೆ ಪರದೆ ಕಟ್ಟಿದ್ದರು. ಮಸ್ಟರ್ ರೋಲಿನಿಂದ (ಕಾರ್ಮಿಕರ ಹಾಜರಿ ಪುಸ್ತಕದಿಂದ) ತೆಗೆದ ಪಟ್ಟಿ ಹಿಡಿದು ಇಲಾಖೆಯ ಅಧಿಕಾರಿ ಕೂತಿದ್ದರು. ಪಾಳಿ ಮುಗಿದವರು ಹಾಗೆಯೇ ಸಾಲಿಗೆ ಬಂದರು. ಎರಕದ ಒರಟು ಅಂಚು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಚೀಟಿ ಇಸಿದುಕೊಂಡು ಅಲ್ಲೇ ನಿಂತರು.

"ಸಾಹೇಬ್ರ, ನಾ ಎಲ್ಲಿ ಗುರ್ತು ಹಾಕಿದೆ ಅಂತ ಆಫೀಸಿನವ್ರಿಗೆ ತಿಳೀತದೇನ್ರೀ?"

ಅಧಿಕಾರಿ ಚೀಟಿಯನ್ನು ಎರಡೂ ಬದಿ ತಿರುವಿ ತೋರಿಸಿದರು. "ಪಟ್ಟಿ ಮ್ಯಾಲೆ ಟಿಕ್ ಹಾಕೋದು ನೀವು ಬಂದೀರಿ ಅಂತ. ಇದ್ರಾಗ ನಿಮ್ಮ ಹೆಸರು ಎಲ್ಲೂ ಇಲ್ಲ, ನೋಡ್ಕೋರಿ ಕಾಕಾರ."

ಅಷ್ಟು ಕೇಳಿ ಅವರು ಪರದೆಯ ಹಿಂದೆ ಹೋದರು. ಸಾಲಿನಲ್ಲಿ ನಿಂತವರೂ ಕೇಳಿಸಿಕೊಂಡಿದ್ದರು. ಮುಖಗಳು ಸ್ವಲ್ಪ ಸಡಿಲಾದವು. ನಮ್ಮ ಯಾವ ಭಾಷಣವೂ ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು ಅಂತ ನನ್ನ ನಂಬಿಕೆ.

ಸಂಜೆ ಎಣಿಕೆಯ ಹೊತ್ತಿಗೆ ತಕರಾರು ಎದ್ದಿತು. ಒಂದು ಚೀಟಿಯ ಮೇಲೆ ಕಪ್ಪು ಬೆರಳಚ್ಚು ಇತ್ತು. ಯಾರ ಮತ ಅಂತ ಗುರುತು ಸಿಗುತ್ತದೆ, ರದ್ದು ಮಾಡಿ ಅಂತ ಇನ್ನೊಂದು ಯೂನಿಯನ್‌ನ ಏಜೆಂಟ್ ಹಟ ಹಿಡಿದರು. ಅಧಿಕಾರಿ ಉಳಿದ ಚೀಟಿಗಳನ್ನು ಮೇಜಿನ ಮೇಲೆ ಹರವಿದರು. ಎಷ್ಟೋ ಚೀಟಿಗಳ ಮೇಲೆ ಅದೇ ಮಸಿ. "ಫೌಂಡ್ರಿಯೊಳಗ ಯಾರ ಕೈ ಬೆಳ್ಳಗ ಇರ್ತಾವ್ರೀ? ಹೇಳ್ರಿ, ಯಾವುದು ಯಾರ್ದು?" ಅಂದರು. ಏಜೆಂಟ್ ಸುಮ್ಮನಾದರು. ಮತ ಉಳಿಯಿತು. ನಮಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿದ್ದಿತ್ತು.

ಮಾನ್ಯತೆಯ ಪತ್ರ ಬರಲು ಮತ್ತೂ ಸಮಯ ಹಿಡಿಯಿತು. ಬಂದ ಮೇಲೆ ಮೊದಲ ಒಪ್ಪಂದವನ್ನು ಇಲಾಖೆಯ ಸಂಧಾನಾಧಿಕಾರಿಯ ಮುಂದೆಯೇ, ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ 12(3)ರ ಅಡಿಯಲ್ಲಿ ಮಾಡಿಕೊಂಡೆವು. ಅಲ್ಲಿ ಆದ ಒಪ್ಪಂದ ನಮ್ಮ ಸದಸ್ಯರಿಗಷ್ಟೇ ಅಲ್ಲ, ಇನ್ನೊಂದು ಯೂನಿಯನ್‌ನವರಿಗೂ, ನಾಳೆ ಕೆಲಸಕ್ಕೆ ಸೇರುವ ಹುಡುಗನಿಗೂ ಅನ್ವಯಿಸುತ್ತದೆ. ಸಂಬಳದ ಜೊತೆಗೆ ಫೆಟ್ಲಿಂಗ್‌ನವರಿಗೆ ಒಳ್ಳೆಯ ಮಾಸ್ಕ್ ಮತ್ತು ಧೂಳು ಎಳೆಯುವ ಫ್ಯಾನ್ ಬರೆಸಿದೆವು.

ಅವತ್ತು ಕ್ಯಾಂಟೀನಿನ ಹೊರಗೆ ನಿಂತು ನೋಡುತ್ತಿದ್ದ ಗುತ್ತಿಗೆ ಹುಡುಗರಿಗೆ ಮತ ಇರಲಿಲ್ಲ. ಅವರ ಹೆಸರು ಗುತ್ತಿಗೆದಾರನ ಮಸ್ಟರಿನಲ್ಲಿದೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದಲ್ಲಿ, ಮಸ್ಟರ್ ರೋಲಿನ ಶೇ. 51 ಜನರ ಬೆಂಬಲ ಇರುವ ಯೂನಿಯನ್ ಜೊತೆ ಮಾತುಕತೆ ಅಂತ ಈಗ ಕಾನೂನಿನಲ್ಲೇ ಇದೆ. ಇದು ನಮಗೆ ಎಂದೋ ಬೇಕಿತ್ತು. ಆದರೆ ನಮ್ಮ ಜೊತೆಗೇ ಕಾಸಿದ ಕಬ್ಬಿಣದ ಮುಂದೆ ನಿಲ್ಲುವ ಆ ಹುಡುಗರು ಯಾವ ಮಸ್ಟರಿನಲ್ಲಿ ಎಣಿಕೆಗೆ ಬರಬೇಕು? ಮುಂದಿನ ಬೇಡಿಕೆ ಪಟ್ಟಿ ತಯಾರಾಗುತ್ತಿದೆ. ಅವರನ್ನು ಕಾಯಂ ಮಾಡುವ ಮಾತನ್ನು ಮೊದಲನೇ ಸಾಲಿನಲ್ಲೇ ಬರೆದಿದ್ದೇವೆ.