ಅಮ್ಮನ ಬಯೋಟಿನ್ ಮಾತ್ರೆ, ನನ್ನ ಇರಿಡಿಯಂ

"ದಿನಾ ಅಲ್ಲಿ ಏನು ಮಾಡ್ತೀಯೋ?" ಭಾನುವಾರ ಫೋನ್ ಮಾಡಿದಾಗ ಅಮ್ಮನ ಈ ಪ್ರಶ್ನೆ ಇದ್ದದ್ದೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಎರಡು ವರ್ಷವಾದರೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ಮೊನ್ನೆ ಒಂದು ದಾರಿ ಹೊಳೆಯಿತು. ಕೂದಲು ಉದುರುತ್ತೆ ಅಂತ ನೀನು ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗ್ತೀಯಲ್ಲ, ಅದೇ ಬಯೋಟಿನ್‌ಗೆ ನಾವಿಲ್ಲಿ ಲೋಹ ಕಟ್ಟುತ್ತೇವೆ ಎಂದೆ.

ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಅನ್ನು ಉಡದ ಹಾಗೆ ಹಿಡಿಯುತ್ತದೆ. ಬಯೋಟಿನ್‌ನ ಬಾಲಕ್ಕೆ ಇರಿಡಿಯಂ ಲೋಹ ಕಟ್ಟಿಟ್ಟರೆ ಅದೂ ಜೊತೆಗೇ ಪ್ರೋಟೀನ್ ಒಳಗೆ ಕೂರುತ್ತದೆ. ಜೀವಿಗಳ ಕಿಣ್ವಗಳಲ್ಲಿ, ಅಂದರೆ ಒಂದು ಅಣುವನ್ನು ಇನ್ನೊಂದಾಗಿ ಬೇಗ ಬದಲಿಸುವ ಪ್ರೋಟೀನುಗಳಲ್ಲಿ, ಕಬ್ಬಿಣ, ಸತು, ತಾಮ್ರ ಉಂಟು, ಇರಿಡಿಯಂ ಇಲ್ಲ. ಅದಕ್ಕೇ ಇದು ಕೃತಕ ಕಿಣ್ವ. 1978ರಲ್ಲಿ ರಸಾಯನ ವಿಜ್ಞಾನಿಗಳಾದ ವಿಲ್ಸನ್ ಮತ್ತು ವೈಟ್‌ಸೈಡ್ಸ್ ಮೊಟ್ಟೆಯ ಬಿಳಿಯಲ್ಲಿರುವ ಇಂಥದ್ದೇ ಪ್ರೋಟೀನ್ ಅವಿಡಿನ್‌ನಲ್ಲಿ ರೋಡಿಯಂ ಎಂಬ ಲೋಹ ಕೂರಿಸಿ ತೋರಿಸಿದ್ದರು. ಆ ದಾರಿಯನ್ನು ಬಹುದೂರ ಒಯ್ದವರು ಇದೇ ಊರಿನ ವಿಶ್ವವಿದ್ಯಾಲಯದ ಥಾಮಸ್ ವಾರ್ಡ್.

ಮಜಾ ಇರುವುದು ಲೋಹದ ಅಕ್ಕಪಕ್ಕದಲ್ಲಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ, ಒಂದೊಂದು ಜಾಗಕ್ಕೂ 20 ಬಗೆಯ ಆಯ್ಕೆ. ಅದರ 112ನೇ ಜಾಗದಲ್ಲಿ ಅಲನಿನ್ ಇಟ್ಟರೆ ಹೆಚ್ಚಾಗಿ ಒಂದು ಕೈಯ ಅಣು ಬರುತ್ತದೆ, ಲೈಸಿನ್ ಇಟ್ಟರೆ ಇನ್ನೊಂದು ಕೈಯದು. ಎಡಗೈ, ಬಲಗೈ ಇದ್ದ ಹಾಗೆ. ಔಷಧಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡೇ ಜಾಗ ಬದಲಿಸಿದರೂ 400 ಜೋಡಿ. ಮೂರಾದರೆ 8,000!

ಅಷ್ಟನ್ನೂ ಮಾಡಿ ನೋಡಲು ಯಾರಿಗೆ ಪುರುಸೊತ್ತು? ಇಲ್ಲಿ ನನ್ನ ಕಂಪ್ಯೂಟರ್ ಬರುತ್ತದೆ. ಮೊದಲು ಡಾಕಿಂಗ್, ಅಂದರೆ ಅಣು ಎಲ್ಲಿ, ಹೇಗೆ ಕೂರಬಹುದು ಎಂದು ಹುಡುಕುವುದು. ಮಾಮೂಲಿ ಲೆಕ್ಕದಲ್ಲಿ ಪರಮಾಣುಗಳು ಚೆಂಡು, ಬಂಧಗಳು ಸ್ಪ್ರಿಂಗ್. ಲೋಹ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಹಾಗಾಗಿ ಲೋಹದ ಸುತ್ತ ಮಾತ್ರ ಎಲೆಕ್ಟ್ರಾನುಗಳನ್ನೂ ಹಿಡಿಯುವ ಕ್ವಾಂಟಂ ಲೆಕ್ಕ, ಉಳಿದ ಪ್ರೋಟೀನಿಗೆ ಅದೇ ಚೆಂಡು-ಸ್ಪ್ರಿಂಗ್. ಬಾರ್ಸಿಲೋನಾದ ಮಾರೆಶಾಲ್ ಅವರ ಗುಂಪು ವಾರ್ಡ್ ಜೊತೆ ಸೇರಿ ಹೀಗೆಯೇ ಇರಿಡಿಯಂ ಕಿಣ್ವದ ಒಳಗುಟ್ಟನ್ನು ಹುಡುಕಿತ್ತು.

ನನ್ನ ಕಥೆ ಅಷ್ಟು ಚಂದವಿಲ್ಲ. ಮೂರು ವಾರ ಲೆಕ್ಕ ಹಾಕಿ ಆರಿಸಿದ ಐದು ಬದಲಾವಣೆಗಳಲ್ಲಿ ನಾಲ್ಕು ಲ್ಯಾಬ್‌ನಲ್ಲಿ ಮಕಾಡೆ ಮಲಗಿದವು. ಕೆಲಸ ಮಾಡಿದ ಒಂದು ನಾನು ಸುಮ್ನೆ ಪಟ್ಟಿಯ ಕೊನೆಗೆ ಸೇರಿಸಿದ್ದು. ಅದು ಯಾಕೆ ನಡೆಯಿತು ಅಂತ ಈಗ ತಿರುಗಿ ಲೆಕ್ಕ.

ಎಲ್ಲ ಕೇಳಿ ಅಮ್ಮ, "ಮೊಟ್ಟೆ ಬಿಳಿಯಲ್ಲಿ ಇರೋದೂ ಹಾಗೇ ಹಿಡ್ಕೊಳ್ಳುತ್ತಾ?" ಎಂದಳು. ಹೌದು, ಹಸಿ ಇದ್ದರೆ ಬಯೋಟಿನ್ ಮೈಗೆ ಹತ್ತೋದೇ ಇಲ್ಲ, ಬೇಯಿಸಿದರೆ ಪರವಾಗಿಲ್ಲ ಎಂದೆ. ಕೂಡಲೇ ಜಿಮ್‌ನಿಂದ ಬಂದ ತಮ್ಮನ ಕಡೆ ತಿರುಗಿದಳು. "ಕೇಳಿದ್ಯಾ? ನಾಳೆಯಿಂದ ಹಸಿ ಮೊಟ್ಟೆ ಬಂದ್. ಬೇಯಿಸೇ ಕೊಡ್ತೀನಿ."