‘ಬಿಟ್ಟುಬಿಡಿ’ ಎಂದು ವೈರ್‌ಲೆಸ್‌ನಲ್ಲಿ ಯಾರು ಹೇಳಬೇಕು?

ನಾನು ಪೊಲೀಸ್ ಇಲಾಖೆಯಲ್ಲಿ ಡ್ರೈವರ್ ಆಗಿದ್ದವನು. ಆರ್ಮ್ಡ್ ರಿಸರ್ವ್‌ನಿಂದ ಬಂದು ಮಂಗಳೂರು, ಉಡುಪಿ ಕಡೆಯ ಠಾಣೆಗಳಲ್ಲಿ ಜೀಪು, ಸುಮೋ, ಬೊಲೆರೋ ಎಂದು 28 ವರ್ಷ ಗಾಡಿ ಓಡಿಸಿದೆ. ಈಗ ರಿಟೈರ್ ಆಗಿದ್ದೇನೆ. ಓಡಿಹೋಗುವ ಗಾಡಿಯನ್ನು ಪೊಲೀಸರು ಅಟ್ಟಿಸಿಕೊಂಡು ಹೋಗಬೇಕಾ ಬೇಡವಾ ಎಂಬ ಚರ್ಚೆ ಆಗಾಗ ಏಳುತ್ತದೆ. ಆಗ ಸ್ಟೇರಿಂಗ್ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

2014ರ ಸೆಪ್ಟೆಂಬರ್. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಹೆದ್ದಾರಿ 66 ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಕಾಪು, ಕಟಪಾಡಿ ನಡುವೆ ಬೆಳಿಗ್ಗೆ ನಮ್ಮ ಚೆಕಿಂಗ್. ಹೆಲ್ಮೆಟ್ ಇಲ್ಲದ ಒಬ್ಬ ಹುಡುಗ ಬೈಕಿನಲ್ಲಿ ಹತ್ತಿರದವರೆಗೂ ಬಂದ. ನಮ್ಮನ್ನು ನೋಡಿದವನೇ ಗಾಡಿ ತಿರುಗಿಸಿ ಹೊರಟ. “ಬಿಡಬೇಡ, ಹಿಡಿ” ಎಂದರು ಅಂದಿನ ಸಾಹೇಬ್ರು. ನಾನು ಸೈರನ್ ಹಾಕಿ ಬೊಲೆರೋ ಎತ್ತಿದೆ.

ಆ ಹೊತ್ತಿನಲ್ಲಿ ಮನುಷ್ಯನಿಗೆ ಏನಾಗುತ್ತದೆ ಎಂದು ಹೇಳಬೇಕು. ಮುಂದಿನ ಗಾಡಿಯ ಕೆಂಪು ಲೈಟು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಬಸ್‌ಸ್ಟಾಪು, ಅಂಗಡಿ, ರಸ್ತೆ ಬದಿ ನಿಂತ ಮಕ್ಕಳು ಎಲ್ಲ ಮಸುಕು. ವೈರ್‌ಲೆಸ್‌ನಲ್ಲಿ ಯಾರೋ ಮಾತಾಡಿದರೂ ತಲೆಗೆ ಹೋಗುವುದಿಲ್ಲ. ಮೀಟರಿನ ಮುಳ್ಳು 90 ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಆಮೇಲೆ ಹೇಳಿದ್ದು. 90ರಲ್ಲಿ ಗಾಡಿ ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಬ್ರೇಕ್ ಒತ್ತಬೇಕು ಎಂದು ಹೊಳೆದು ಕಾಲು ಆಡುವಷ್ಟರಲ್ಲಿ ಎರಡು ಬಸ್ಸಿನಷ್ಟು ದೂರ ದಾಟಿ ಆಗಿರುತ್ತದೆ.

ಹುಡುಗ ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆಗೆ ತಿರುಗಿದ. ನಾನೂ ತಿರುಗಿಸಿದೆ. ಎರಡೂ ಬದಿ ಕೆಂಪುಕಲ್ಲಿನ ಪಾಗಾರ, ಮೇಲೆಲ್ಲ ಪಾಚಿ. ತಿರುವಿನಲ್ಲಿ ಒಬ್ಬ ಅಮ್ಮ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದರು. ಬೈಕ್ ಜಾರಿತು. ಹುಡುಗ ಪಾಗಾರಕ್ಕೆ ಹೊಡೆದ. ಬೈಕ್ ತಿರುಗಿ ಅಮ್ಮನಿಗೆ ತಾಗಿತು. ನನ್ನ ಗಾಡಿ ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ನಿಂತಿತು.

ಹುಡುಗನಿಗೆ 17 ವರ್ಷ. ಬೈಕ್ ಅವನ ಮಾವನದ್ದು. ತೊಡೆಯ ಮೂಳೆ ಮುರಿದಿತ್ತು. ಅವನನ್ನು ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಮ್ಮ ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಕೂತಿದ್ದರು. ನನಗೆ ಏನು ಮಾಡಬೇಕೆಂದು ತೋಚದೆ ಮೊಣಕಾಲೂರಿ ಬಂಗುಡೆ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದೆ. ಅವರು ತುಳುವಿನಲ್ಲಿ ಕೇಳಿದರು: “ಮಗಾ, ನೀನು ಹಿಂದೆ ಬಾರದಿದ್ದರೆ ಅವನು ಇಷ್ಟು ಜೋರು ಬರ್ತಿದ್ದನಾ?”

ನಾನು ತಲೆ ತಗ್ಗಿಸಿ ಮೀನು ಹೆಕ್ಕುತ್ತಲೇ ಇದ್ದೆ.

ಅವತ್ತು ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 100 ರೂಪಾಯಿ. ಇನ್ನೂ ಒಂದು ವಿಷಯ ನನ್ನನ್ನು ಜಾಸ್ತಿ ಸುಡುತ್ತದೆ. ಹುಡುಗ ಗಾಡಿ ತಿರುಗಿಸುವಾಗಲೇ ನಮ್ಮ ಹೆಡ್ ಕಾನ್‌ಸ್ಟೇಬಲ್ ನಂಬರ್ ಬರೆದುಕೊಂಡಿದ್ದರು. ನಾನು ಗೇರ್ ಹಾಕುವ ಮೊದಲೇ ಆ ನಂಬರ್ ಅವರ ಜೇಬಿನಲ್ಲಿತ್ತು. ಸಂಜೆ ಮಾವನ ಮನೆ ಬಾಗಿಲು ತಟ್ಟಿದ್ದರೆ ಮುಗಿಯುತ್ತಿತ್ತು.

ಮತ್ತೆ ಯಾಕೆ ಹೋದೆ? ಸಾಹೇಬ್ರು ಹೇಳಿದರು ಎಂಬುದು ಅರ್ಧ ಉತ್ತರ ಮಾತ್ರ. ಅದಕ್ಕೂ ಎರಡು ವರ್ಷ ಮೊದಲು ಕೂಳೂರು ಸೇತುವೆ ಹತ್ತಿರ ಟ್ರಾಫಿಕ್ ನೋಡಿ ನಾನು ಒಂದು ಕಾರನ್ನು ಬಿಟ್ಟಿದ್ದೆ. ಮರುದಿನ ರೋಲ್‌ಕಾಲ್‌ನಲ್ಲಿ ಎಲ್ಲರ ಎದುರು “ಇವನಿಗೆ ಬಳೆ ತೊಡಿಸಿ” ಎಂಬ ಮಾತು ಬಂತು. ಅದು ಒಳಗೇ ಕೂತಿತ್ತು. ಬಿಟ್ಟವನಿಗೆ ಬೈಗುಳ, ಹಿಡಿದವನಿಗೆ ಶಹಬ್ಬಾಸ್ ಎಂದಾದರೆ ಯಾವ ಡ್ರೈವರ್ ತಾನಾಗಿ ಬ್ರೇಕ್ ಒತ್ತುತ್ತಾನೆ ಹೇಳಿ. ಅಪಘಾತದ ನಂತರ ಇಲಾಖೆಯ ಗಾಡಿಗಳನ್ನು ನೋಡಿಕೊಳ್ಳುವ ಎಂಟಿ ಸೆಕ್ಷನ್‌ನವರು ಬಂದು ನನ್ನ ಗಾಡಿಯ ಬ್ರೇಕ್ ಸರಿ ಇದೆಯಾ ನೋಡಿದರು. ಸರಿ ಇತ್ತು. 100 ರೂಪಾಯಿಗೆ ಇಷ್ಟು ಯಾಕೆ ಓಡಿಸಿದೆ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಬಂದ ಎಸ್‌ಐ ಸಾಹೇಬ್ರು ಚಿಕ್ಕ ಪ್ರಾಯದವರು, ಓದುವ ಅಭ್ಯಾಸ ಇದ್ದವರು. ಒಂದು ರಾತ್ರಿ ಡ್ಯೂಟಿಯಲ್ಲಿ ಮೊಬೈಲಿನಲ್ಲಿ ಅಮೆರಿಕದ ಒಂದು ವಿಡಿಯೋ ತೋರಿಸಿದರು. 2001, ಜಾರ್ಜಿಯಾ ರಾಜ್ಯ. 19 ವರ್ಷದ ಹುಡುಗನ ಮೊದಲ ತಪ್ಪು ಬರೀ ಓವರ್‌ಸ್ಪೀಡ್. ನಿಲ್ಲಿಸದೆ ಓಡಿದ. ಕೊನೆಗೆ ಪೊಲೀಸ್ ಗಾಡಿ ಅವನ ಕಾರಿನ ಹಿಂದಿನ ಬಂಪರಿಗೆ ಬೇಕೆಂದೇ ಗುದ್ದಿತು. ಕಾರು ಉರುಳಿತು. ಹುಡುಗನ ಕೈ ಕಾಲು ಎರಡೂ ಸ್ವಾಧೀನ ತಪ್ಪಿದವು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8–1ರಲ್ಲಿ ಪೊಲೀಸರ ಪರ ತೀರ್ಪು ಕೊಟ್ಟಿತು. ಜೋರು ಓಡಿಸಿ ಜನರಿಗೆ ಅಪಾಯ ತಂದರೆ ಪೊಲೀಸರು ಬಿಟ್ಟೇ ಬಿಡಬೇಕು ಎಂಬ ನಿಯಮ ಮಾಡಿದರೆ ಎಲ್ಲರೂ ಹಾಗೇ ಓಡುತ್ತಾರೆ ಎಂಬುದು ಬಹುಮತದ ವಾದ. ಒಪ್ಪದ ಒಬ್ಬರು ನ್ಯಾಯಮೂರ್ತಿ ಸ್ಟೀವನ್ಸ್. ಪೊಲೀಸರ ಹತ್ತಿರ ಕಾರಿನ ನಂಬರ್ ಇತ್ತಲ್ಲ, ಆಮೇಲೆ ಹಿಡಿಯಬಹುದಿತ್ತಲ್ಲ ಎಂದು ಅವರು ಬರೆದಿದ್ದಾರೆ. ಅದನ್ನು ಕೇಳಿದಾಗ ನನಗೆ ಹೆಡ್ ಕಾನ್‌ಸ್ಟೇಬಲ್ ಜೇಬಿನ ಚೀಟಿ ನೆನಪಾಯಿತು.

ಬಹುಮತದ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅದು ನಮ್ಮ ಠಾಣೆಗಳಲ್ಲೂ ದಿನಾ ಕೇಳುವ ಮಾತೇ. ವಾಷಿಂಗ್ಟನ್ ರಾಜ್ಯದಲ್ಲಿ 2021ರಲ್ಲಿ ಕಾನೂನು ಮಾಡಿ ಬೆನ್ನಟ್ಟುವುದನ್ನು ಬಿಗಿ ಮಾಡಿದರು. ಕಳ್ಳರಿಗೆ ಧೈರ್ಯ ಬಂತು ಎಂಬ ದೂರು ಎದ್ದು 2024ರಲ್ಲಿ ಅದನ್ನು ಸಡಿಲಿಸಿದರು. ಆದರೆ ಈ ವಿಷಯವನ್ನೇ ದಶಕಗಳಿಂದ ಅಧ್ಯಯನ ಮಾಡಿದ ಜೆಫ್ರಿ ಆಲ್ಪರ್ಟ್ ಎಂಬ ಪ್ರೊಫೆಸರ್ ಇದ್ದಾರೆ. ಅವರು ಓಡಿಹೋಗಿ ಸಿಕ್ಕಿಬಿದ್ದವರನ್ನೇ ಮಾತಾಡಿಸಿದರು. ಹಿಂದೆ ಪೊಲೀಸರು ಕಾಣದೆ ಹೋದರೆ ನಿಧಾನ ಮಾಡುತ್ತಿದ್ದೆವು ಎಂದವರೇ ಹೆಚ್ಚು. ಮೀನಿನ ಅಮ್ಮ ಕೇಳಿದ್ದೂ ಅದನ್ನೇ ಅಲ್ವಾ?

ದೂರದ ಮಾತು ಬೇಡ. ತಲಪಾಡಿ ದಾಟಿದರೆ ಕೇರಳ. 2019ರಲ್ಲಿ ಅಲ್ಲಿನ ಹೈಕೋರ್ಟ್ ಹೆಲ್ಮೆಟ್ ಹಾಕದವರನ್ನು ಅಟ್ಟಿಸಿಕೊಂಡು ಹೋಗಬೇಡಿ, ಕ್ಯಾಮೆರಾ ಬಳಸಿ ಎಂದು ಹೇಳಿತು. ಆದರೂ 2023ರ ಆಗಸ್ಟ್‌ನಲ್ಲಿ ಕುಂಬಳೆ ಹತ್ತಿರ ಪೊಲೀಸರು ಹಿಂದೆ ಬರುತ್ತಿದ್ದಾಗ ವಿದ್ಯಾರ್ಥಿಗಳಿದ್ದ ಕಾರು ಮಗುಚಿತು. ಅದರಲ್ಲಿದ್ದ ಒಬ್ಬ ಹುಡುಗ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನಮ್ಮ ಕಾನೂನು ಏನು ಹೇಳುತ್ತದೆ ಎಂದೂ ನೋಡಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗುವಂಥ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕು ಬಂಧಿಸುವಾಗ ಪೊಲೀಸರಿಗಿಲ್ಲ. ಬಂಧನ, ವಿಚಾರಣೆಯ ಹಳೇ ಕಾನೂನು ಸಿಆರ್‌ಪಿಸಿಯ 46ನೇ ಕಲಂನಲ್ಲಿ ಇದ್ದ ಮಾತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 43ನೇ ಕಲಂನಲ್ಲಿದೆ. ಬಂದೂಕು ಎತ್ತುವಾಗ ಎಲ್ಲರಿಗೂ ಇದು ನೆನಪಿರುತ್ತದೆ. ಒಂದೂವರೆ ಟನ್ ದಾಟುವ ಬೊಲೆರೋ ಓಡಿಸುವಾಗ ಯಾರಿಗೂ ನೆನಪಾಗುವುದಿಲ್ಲ.

ಹಾಗಾದರೆ ಹಿಂದೆ ಹೋಗಲೇಬಾರದಾ? ಹೋಗಬೇಕಾದ ಒಂದು ರಾತ್ರಿಯ ಕಥೆಯನ್ನೂ ಹೇಳುತ್ತೇನೆ.

2018. ಉಡುಪಿ ಕಡೆಯಿಂದ ಒಬ್ಬ ಹೆಂಗಸು 100ಕ್ಕೆ ಫೋನ್ ಮಾಡಿದರು. ಗಂಡ ಕುಡಿದು ಜಗಳ ಮಾಡಿ ನಾಲ್ಕು ವರ್ಷದ ಮಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿದ್ದ. ಉದ್ಯಾವರದ ಹತ್ತಿರ ಕಾರು ನಮ್ಮ ಕಣ್ಣಿಗೆ ಬಿತ್ತು. ನನ್ನ ಕಾಲು ತಾನಾಗಿ ಆಕ್ಸಿಲರೇಟರಿಗೆ ಹೋಯಿತು. ಆಗ ಠಾಣೆಯಲ್ಲಿ ಕೂತಿದ್ದ ಎಸ್‌ಐ ಸಾಹೇಬ್ರ ಸ್ವರ ವೈರ್‌ಲೆಸ್‌ನಲ್ಲಿ ಬಂತು. “ಸೈರನ್ ಬೇಡ, ಮೇಲಿನ ಲೈಟೂ ಬೇಡ. ಅವನ ಹಿಂದಿನ ಲೈಟು ಕಂಡರೆ ಸಾಕು, ಅಷ್ಟು ದೂರದಲ್ಲಿ ಬನ್ನಿ. ಮುಂದಿನದ್ದು ನಾನು ನೋಡ್ತೇನೆ.” ಕೋಪ ಇಲ್ಲ, ಗಡಿಬಿಡಿ ಇಲ್ಲ. ಅವರ ಎದೆ ನನ್ನ ಹಾಗೆ ಹೊಡೆದುಕೊಳ್ಳುತ್ತಿರಲಿಲ್ಲ. ಅವರು ಹೆಜಮಾಡಿ ಟೋಲ್‌ಗೆ ಫೋನ್ ಮಾಡಿ ಒಂದೇ ಲೇನ್ ತೆರೆದಿಡಲು ಹೇಳಿದ್ದರು. ನಾವು ಮುಟ್ಟುವಾಗ ಲಾರಿಗಳ ಸಾಲು. ಆ ಕಾರು ಅದರ ಬಾಲದಲ್ಲಿ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೆಡ್ ಕಾನ್‌ಸ್ಟೇಬಲ್ ನಡೆದುಕೊಂಡೇ ಹೋಗಿ ಕೀ ತೆಗೆದರು. ಮಗು ಹಿಂದಿನ ಸೀಟಿನಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು.

ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕ್ ದರೋಡೆ ನಿಮಗೆ ನೆನಪಿರಬಹುದು. 2025ರ ಜನವರಿ 17ರಂದು ಹಾಡುಹಗಲೇ ಆದದ್ದು. ದರೋಡೆ ಮಾಡಿದವರು ಕಾರಿನಲ್ಲಿ ಹೋಗಿಯೇಬಿಟ್ಟಿದ್ದರು. ಆದರೂ ಮೂರ್ನಾಲ್ಕು ದಿನದೊಳಗೆ ಅವರಲ್ಲಿ ಕೆಲವರು ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು.

ಈಗಲೂ ಇಲಾಖೆಯ ಹೊಸ ಡ್ರೈವರ್ ಹುಡುಗರು ಮನೆಗೆ ಬರುತ್ತಾರೆ. “ಅಣ್ಣ, ಆ ಹೊತ್ತಿನಲ್ಲಿ ನಿಲ್ಲಿಸುವುದು ಹೇಗೆ?” ಎಂದು ಕೇಳುತ್ತಾರೆ. ಒಬ್ಬನೇ ನಿಲ್ಲಿಸಲು ಆಗುವುದಿಲ್ಲ ಎಂದೇ ನಾನು ಹೇಳುವುದು. ಗಾಡಿಯೊಳಗೆ ಇದ್ದವರಿಗೆ ಆ ತೀರ್ಮಾನ ಸಾಧ್ಯವಿಲ್ಲ, ಡ್ರೈವರಿಗೂ ಇಲ್ಲ, ಪಕ್ಕದಲ್ಲಿ ಕೂತ ಸಾಹೇಬ್ರಿಗೂ ಇಲ್ಲ. ಅದನ್ನು ಗಾಡಿಯ ಹೊರಗೆ, ಕುರ್ಚಿಯಲ್ಲಿ ಕೂತವರು ಮಾಡಬೇಕು. ಓಡುವವನು ಏನು ಮಾಡಿ ಓಡುತ್ತಿದ್ದಾನೆ, ನಂಬರ್ ಸಿಕ್ಕಿದೆಯಾ, ಮುಂದೆ ಶಾಲೆಯೋ ಪೇಟೆಯೋ ಎಂದು ಅವರು ಕೇಳಬೇಕು. ಬಿಡಿ ಎಂದರೆ ಬಿಡಬೇಕು. ಯಾರು ಬಿಡಲು ಹೇಳಿದರು, ಎಷ್ಟು ಗಂಟೆಗೆ ಎಂದು ಅವತ್ತೇ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಮರುದಿನದ ರೋಲ್‌ಕಾಲ್‌ನಲ್ಲಿ ಆ ಡ್ರೈವರಿನ ಹತ್ತಿರ ಯಾರೂ ಬಳೆಯ ಮಾತು ಎತ್ತಬಾರದು.