ತಿಂಗಳು ಮುಚ್ಚಿಟ್ಟ ಡಬ್ಬಿ

ನಮ್ಮ ಭೂವಿಜ್ಞಾನ ವಿಭಾಗದ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು ಹಳಬರು ಯಾರೂ ಮರೆತಿರಲಾರರು. ಮುಚ್ಚಳದ ಮೇಲೆ ಸೀಲ್ ಮಾಡಿದ ತಾರೀಖು, ಪಕ್ಕದಲ್ಲಿ ತೂಕ. ಒಳಗೆ ರಾಮನಗರದ ಹಳೆಯ ಹೆಸರನ್ನು ಇನ್ನೂ ಹೊತ್ತಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪುಡಿ. ಅದರಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಷ್ಟಿದೆಯೆಂದು ಅಳೆಯಬೇಕು.

ಈ ಕೆಲಸ ಕೆಡುವುದು ಹೆಚ್ಚಾಗಿ ಬಂಡೆಯ ಹತ್ತಿರವೇ. ಸುತ್ತಿಗೆಗೆ ಸುಲಭವಾಗಿ ಕಳಚುವುದು ಬಿಸಿಲು ಮಳೆಗೆ ಸವೆದ ಸಿಪ್ಪೆ. ಗಾಳಿಗೆ ಉತ್ಕರ್ಷಿತವಾದ ಯುರೇನಿಯಂ ನೀರಲ್ಲಿ ಕರಗಿ ಹರಿದುಹೋಗುತ್ತದೆ, ಥೋರಿಯಂ ಇದ್ದಲ್ಲೇ ಇರುತ್ತದೆ. ಸಿಪ್ಪೆ ತಂದವರಿಗೆ ಥೋರಿಯಂ–ಯುರೇನಿಯಂ ಅನುಪಾತ ವಿನಾಕಾರಣ ಏರಿದಂತೆ ಕಾಣುತ್ತದೆ. ಕ್ವಾರಿಯಲ್ಲಿ ಹೊಸದಾಗಿ ಒಡೆದ ಮುಖದಿಂದಲೇ ತರಬೇಕು, ಅದೂ ಐದಾರು ಕಿಲೋ. ಈ ಗ್ರಾನೈಟಿನಲ್ಲಿ ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್ ಹರಳುಗಳು ಬೆರಳಿನ ಗೆಣ್ಣಿಗಿಂತ ದೊಡ್ಡವು. ಅಂಗೈಯಗಲದ ಚೂರಿನಲ್ಲಿ ಎರಡು ಹರಳು ಹೆಚ್ಚು ಬಂದರೂ ಪೊಟ್ಯಾಸಿಯಂ ಜಿಗಿಯಿತು. ಎಲ್ಲವನ್ನೂ ಪುಡಿಮಾಡಿ, ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಮಾತ್ರ ಉಳಿಸಿಕೊಳ್ಳುವುದು. ಮತ್ತೆ ಬೆರೆಸುವುದು, ಮತ್ತೆ ಪಾಲು. ಬೇಸರದ ಕೆಲಸ, ಆದರೆ ಅಡ್ಡದಾರಿಯಿಲ್ಲ.

ಇನ್ನು ಡಬ್ಬಿ. ಗಾಮಾ ಕಿರಣಗಳನ್ನು ಅವುಗಳ ಶಕ್ತಿಯ ಪ್ರಕಾರ ಬೇರ್ಪಡಿಸಿ ಎಣಿಸುವ ಗಾಮಾ ಸ್ಪೆಕ್ಟ್ರೋಮೀಟರ್ ಯುರೇನಿಯಂ ಅನ್ನು ನೇರವಾಗಿ ಎಣಿಸುವುದಿಲ್ಲ, ಅದು ಹಂತಹಂತವಾಗಿ ಕ್ಷಯಿಸುವಾಗ ಹುಟ್ಟುವ ಬಿಸ್ಮತ್-214 ಬಿಡುವ 1764 ಕೆಇವಿ (ಕಿರಣದ ಶಕ್ತಿಯ ಅಳತೆ) ಕಿರಣವನ್ನು ಎಣಿಸುತ್ತದೆ. ಇವೆರಡರ ನಡುವೆ ರೇಡಾನ್ ಎಂಬ ಅನಿಲ ಕೂತಿದೆ. ಕಲ್ಲು ಪುಡಿಯಾದೊಡನೆ ಅದರಲ್ಲೊಂದು ಪಾಲು ಪರಾರಿ, ಅದರಿಂದ ಹುಟ್ಟಬೇಕಾದ ಬಿಸ್ಮತ್ ಅಷ್ಟು ಕಡಿಮೆ. ರೇಡಾನಿನ ಅರ್ಧಾಯು, ಅಂದರೆ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ, 3.8 ದಿನ; ನಾಲ್ಕು ವಾರ ಬಿಗಿಯಾಗಿ ಮುಚ್ಚಿಟ್ಟರೆ ಕೊರತೆ ನೂರಕ್ಕೆ 99ರಷ್ಟು ತುಂಬುತ್ತದೆ, ಒಂದೇ ವಾರಕ್ಕೆ ಮುಕ್ಕಾಲೂ ತುಂಬದು. ಮುಚ್ಚಳ ಸೋರಿದರೆ ಗುರುತು ಸಿಗುತ್ತದೆ: ಯುರೇನಿಯಂ ಮಾತ್ರ ಕಡಿಮೆ ಬರುತ್ತದೆ. ಥೋರಿಯಂ ಸರಣಿಯ ಅನಿಲವಾದ ಥೋರಾನ್ ಒಂದು ನಿಮಿಷದೊಳಗೇ ಅರ್ಧವಾಗುವುದರಿಂದ ದೂರ ಓಡಲಾರದು. ಪೊಟ್ಯಾಸಿಯಂಗೆ ಅನಿಲದ ಹಂಗೇ ಇಲ್ಲ.

ಎಣಿಕೆಯ ಹೊತ್ತಿಗೆ ಕೋಣೆ ಬಿಸಿಯಾದರೆ ಕಿರಣಗಳನ್ನು ಹಿಡಿಯುವ ಸೋಡಿಯಂ ಅಯೊಡೈಡ್ ಡಿಟೆಕ್ಟರಿನ ನಕ್ಷೆಯಲ್ಲಿ ಒಂದೊಂದು ಕಿರಣಕ್ಕೂ ಏಳುವ ಶಿಖರಗಳೆಲ್ಲ ಜಾರುತ್ತವೆ. ಪೊಟ್ಯಾಸಿಯಂನ 1460 ಕೆಇವಿ ಶಿಖರ ತನ್ನ ಜಾಗದಲ್ಲೇ ಇದೆಯೇ ಎಂದು ಶುರುವಿನಲ್ಲೂ ಕೊನೆಯಲ್ಲೂ ನೋಡಬೇಕು. ಲೆಕ್ಕ ಮಾತ್ರ ಮೇಲಿನಿಂದ ಕೆಳಕ್ಕೆ: ಮೊದಲು ಥೋರಿಯಂನ 2614 ಕೆಇವಿ, ಅದರ ಕಿರಣಗಳಲ್ಲಿ ಚದುರಿ ಕಡಿಮೆ ಶಕ್ತಿಗೆ ಇಳಿದ ಪಾಲನ್ನು ಕಳೆದು ಯುರೇನಿಯಂ, ಇವೆರಡನ್ನೂ ಕಳೆದು ಪೊಟ್ಯಾಸಿಯಂ. ಸೀಸದ ಇಟ್ಟಿಗೆಗಳ ನಡುವೆ ಖಾಲಿ ಡಬ್ಬಿಯಿಟ್ಟು ತೆಗೆದ ಎಣಿಕೆಯನ್ನು ಎಲ್ಲಕ್ಕೂ ಮೊದಲೇ ಕಳೆದಿರಬೇಕು.

ರೆಕಾರ್ಡ್ ಪುಸ್ತಕದಲ್ಲಿ ಸೀಲ್ ಮಾಡಿದ ತಾರೀಖು, ಎಣಿಸಿದ ತಾರೀಖು ಎರಡೂ ಇಲ್ಲದಿದ್ದರೆ ಮೇಷ್ಟ್ರು ಅಂಕಿಗಳತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.